ತೇಪೆಗಳ ಸರದಿ

2024ರ ಮೇ 16ರಂದು ಅಮೆರಿಕದ ಎಂಜಿನಿಯರ್ ರಾಬರ್ಟ್ ಹಾಸ್ ತಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ಒಂದು ಇಮೇಲ್ ಕಳಿಸಿದರು. ದೂರು ಅದರ ವಿಷಯದ ಸಾಲಿನಲ್ಲೇ ಇತ್ತು. ಕಮಿಟ್‌ಫೆಸ್ಟ್ ಎಂಬ ತಾಣ ಯಾವ ಕೆಲಸಕ್ಕೆಂದು ಹುಟ್ಟಿತೋ ಆ ಕೆಲಸಕ್ಕೆ ಇನ್ನು ಒದಗುತ್ತಿಲ್ಲ ಎಂಬುದು ಅದರ ಸಾರ. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಓಪನ್ ಸೋರ್ಸ್ ಡೇಟಾಬೇಸಿಗೆ ಜಗತ್ತಿನ ನಾನಾ ಕಡೆಗಳಿಂದ ಬರುವ ಬದಲಾವಣೆಗಳ ಲೆಕ್ಕ ಇಡುವ ತಾಣ ಅದು. ದೂರಿಗೆ ತೂಕ ಬಂದದ್ದು ದೂರಿದವರಿಂದ. ಹದಿನೈದು ವರ್ಷಗಳ ಹಿಂದೆ, 2009ರಲ್ಲಿ, ಆ ತಾಣದ ಮೊದಲ ರೂಪವನ್ನು ಕೂತು ಬರೆದವರು ಇದೇ ಹಾಸ್.

ನೋಡಿದರೆ ಅದು ಬರೀ ಒಂದು ಪಟ್ಟಿ. ಯಾರು ಯಾವ ಬದಲಾವಣೆ ಕಳಿಸಿದ್ದಾರೆ, ಯಾರು ಅದನ್ನು ಓದುತ್ತಿದ್ದಾರೆ, ಎಲ್ಲಿಗೆ ಬಂತು ಎಂದು ಹೇಳುವ ಕೆಲವು ಕಾಲಮ್ಮುಗಳು. ಒಬ್ಬ ಅನುಭವಿ ಎಂಜಿನಿಯರ್ ಕೆಲವು ವಾರಗಳಲ್ಲಿ ಬರೆದು ಮುಗಿಸಬಹುದಾದ ಕೆಲಸ. ಹಾಗಿದ್ದೂ ಈ ಪಟ್ಟಿಯನ್ನು ಮತ್ತೆ ಮತ್ತೆ ಕಟ್ಟಬೇಕಾಯಿತು. ಮೊದಲು ಒಬ್ಬರ ಅಂಚೆಪೆಟ್ಟಿಗೆ, ಆಮೇಲೆ ವಿಕಿ, ಆಮೇಲೆ ಪರ್ಲ್ ಭಾಷೆಯ ತಾಣ, ಅದರ ನಂತರ ಪೈಥಾನಿನ ತಾಣ, ಈಗ ಅದರ ದುರಸ್ತಿ. ಪ್ರತಿಸಲವೂ ಹಿಂದಿನ ತೊಡಕು ಬಿಡಿಸಿತು. ಬಿಡಿಸಿದ ಜಾಗದಲ್ಲೇ ಹೊಸ ತೊಡಕು ಹುಟ್ಟಿತು. ಯಾಕೆ ಹೀಗಾಯಿತು ಎಂಬುದನ್ನು ತಿಳಿಯಬೇಕಾದರೆ ಪಟ್ಟಿಯಲ್ಲಿ ಏನಿದೆ ಎಂಬುದರಿಂದ ಶುರುಮಾಡಬೇಕು.

ತೇಪೆ ಎಂಬ ಮಾತು

ತೇಪೆ ಹಾಕುವುದು ಎಂದರೆ ಕನ್ನಡದಲ್ಲಿ ಹೇಗೋ ಮುಚ್ಚಿ ದಿನ ದೂಡುವುದು ಎಂಬ ಅರ್ಥವೇ ಮೊದಲು ಬರುತ್ತದೆ. ಇಂಗ್ಲಿಷಿನ ಪ್ಯಾಚ್ ಎಂಬ ಮಾತಿಗೂ ಅದೇ ಛಾಯೆ ಇದೆ. ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಪ್ರೋಗ್ರಾಂ ಇಡುತ್ತಿದ್ದ ಕಾಲದಲ್ಲಿ, ತಪ್ಪಾಗಿ ಬಿದ್ದ ರಂಧ್ರದ ಮೇಲೆ ನಿಜವಾಗಿಯೂ ಒಂದು ಕಾಗದದ ಚೂರು ಅಂಟಿಸುತ್ತಿದ್ದರು. ಪಟ್ಟಿ ಹೋಯಿತು, ಮಾತು ಉಳಿಯಿತು.

ಈಗಿನ ಅರ್ಥದ ಪ್ಯಾಚ್ ಎರಡು ಪುಟ್ಟ ಪ್ರೋಗ್ರಾಂಗಳಿಂದ ಬಂದದ್ದು. 1970ರ ದಶಕದ ಮೊದಲ ಭಾಗದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ ಮ್ಯಾಕ್‌ಇಲ್ರಾಯ್ ಅವರು ಡಿಫ್ ಬರೆದರು. ಎರಡು ಕಡತಗಳನ್ನು ಹೋಲಿಸಿ ಯಾವ ಸಾಲು ಹೋಗಿದೆ, ಯಾವ ಸಾಲು ಬಂದಿದೆ ಎಂದು ಅದು ಹೇಳುತ್ತಿತ್ತು. 1985ರಲ್ಲಿ ಲ್ಯಾರಿ ವಾಲ್ ಅದಕ್ಕೆ ಎದುರಾದ ಕೆಲಸ ಮಾಡುವ ಪ್ಯಾಚ್ ಎಂಬ ಪ್ರೋಗ್ರಾಂ ಬರೆದು ಹಂಚಿದರು. ಡಿಫ್ ಕೊಟ್ಟ ವ್ಯತ್ಯಾಸದ ಪಟ್ಟಿಯನ್ನು ಓದಿಕೊಂಡು ಹಳೆಯ ಕಡತವನ್ನು ಅದು ಹೊಸದಾಗಿಸುತ್ತಿತ್ತು.

ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಇರುತ್ತಿದ್ದ ತಪ್ಪು-ಒಪ್ಪುಗಳ ಪಟ್ಟಿಯನ್ನು ನೆನಪಿಸಿಕೊಂಡರೆ ಸಾಕು. ಇಂಥ ಪುಟ, ಇಂಥ ಸಾಲು, ಹೀಗಿರುವುದನ್ನು ಹಾಗೆ ಓದಿಕೊಳ್ಳಿ. ಪ್ಯಾಚ್ ಕೂಡ ಅಷ್ಟೇ. ಲಕ್ಷಾಂತರ ಸಾಲುಗಳ ಪ್ರೋಗ್ರಾಂ ಇಡಿಯಾಗಿ ಕಳಿಸಬೇಕಿಲ್ಲ, ಬದಲಾಗುವ ನಲವತ್ತು ಸಾಲು ಕಳಿಸಿದರೆ ಸಾಕು. ನಿಧಾನದ ಟೆಲಿಫೋನ್ ಜಾಲದಲ್ಲೂ ಅದು ಓಡುತ್ತಿತ್ತು, ಇಮೇಲಿನಲ್ಲೂ ಹೋಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದವರು ಸೇರಿ ಒಂದು ಪ್ರೋಗ್ರಾಂ ಕಟ್ಟುವುದು ಇದರಿಂದ ಸುಲಭವಾಯಿತು.

ಆದರೆ ತಪ್ಪು-ಒಪ್ಪುಗಳ ಪಟ್ಟಿ ಅಚ್ಚಾದ ಪುಸ್ತಕಕ್ಕೆ ಅಂಟಿಕೊಂಡದ್ದು, ಆ ಪುಸ್ತಕ ಬದಲಾಗುವುದಿಲ್ಲ. ಪ್ರೋಗ್ರಾಂ ದಿನವೂ ಬದಲಾಗುತ್ತದೆ. ಪಕ್ಕದ ಸಾಲುಗಳನ್ನು ನೋಡಿ ಜಾಗ ಹುಡುಕುವಷ್ಟು ಜಾಣತನ ವಾಲ್ ಅವರ ಪ್ರೋಗ್ರಾಮಿಗಿತ್ತು. ಆ ಪಕ್ಕದ ಸಾಲುಗಳೇ ಬದಲಾಗಿಹೋದರೆ ಅದೂ ಕೈಚೆಲ್ಲುತ್ತಿತ್ತು. ಇವತ್ತು ಕಳಿಸಿದ ಪ್ಯಾಚ್ ಆರು ತಿಂಗಳು ಹಾಗೇ ಇದ್ದರೆ ಅನ್ನದ ಹಾಗೆ ಹಳಸುತ್ತದೆ. ಬರೆದವರು ಮತ್ತೆ ಕೂತು ಅದನ್ನು ಹೊಸ ಕೋಡಿಗೆ ಹೊಂದಿಸಬೇಕು. ಹಾಗಾಗಿ ಕಾಯಿಸುವುದಕ್ಕೆ ಬೆಲೆ ಇದೆ, ಆ ಬೆಲೆ ತೆರುವವರು ಕಳಿಸಿದವರು.

ಒಬ್ಬರ ಅಂಚೆಪೆಟ್ಟಿಗೆ

ಪೋಸ್ಟ್‌ಗ್ರೆಸ್ ಹುಟ್ಟಿದ್ದು 1986ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಸಂಶೋಧನಾ ಯೋಜನೆಯಾಗಿ. ಯೋಜನೆ ಮುಗಿದ ಮೇಲೆ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯುಎಲ್ ಭಾಷೆ ಕಲಿಸಿದರು. 1996ರಲ್ಲಿ ಅದು ವಿಶ್ವವಿದ್ಯಾಲಯದ ಹೊರಗಿನ ಕೆಲವು ಆಸಕ್ತರ ಕೈಗೆ ಬಂತು, ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಹೆಸರೂ ಬಂತು. ಅಂದಿನಿಂದ ಇಂದಿನವರೆಗೆ ಅದಕ್ಕೆ ಯಾವ ಕಂಪನಿಯೂ ಒಡೆಯನಲ್ಲ. ಕೆಲಸ ನಡೆಯುವುದು ಮೇಲಿಂಗ್ ಲಿಸ್ಟಿನಲ್ಲಿ. ಯಾರು ಬೇಕಾದರೂ ಪ್ಯಾಚ್ ಕಳಿಸಬಹುದು. ಆದರೆ ಅದನ್ನು ಮೂಲ ಕೋಡಿಗೆ ಸೇರಿಸುವ ಅಧಿಕಾರ ಕಮಿಟರ್ ಎನ್ನಿಸಿಕೊಂಡ ಕೆಲವರಿಗೆ ಮಾತ್ರ. ಈಗಲೂ ಅವರ ಸಂಖ್ಯೆ ಸುಮಾರು 30.

ಪ್ಯಾಚ್ ಕಳಿಸಿದವರಿಗೆ ಸಿಗಬಹುದಾದ ಉತ್ತರಗಳು ಹಲವು. ಚೆನ್ನಾಗಿದೆ, ಸೇರಿಸಿದೆವು ಎನ್ನಬಹುದು. ಇದನ್ನು ತಿದ್ದಿ ತನ್ನಿ ಎನ್ನಬಹುದು. ಇದು ಬೇಡ ಎನ್ನಬಹುದು. ಬೇಡ ಎಂದರೂ ಒಂದು ಪಾಠ ಸಿಗುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಮೌನ. ಮೂರು ತಿಂಗಳ ಸಂಜೆಗಳನ್ನು ಕೊಟ್ಟು ಬರೆದದ್ದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದೆ ಕೂರುವುದು. ಲಿಸ್ಟಿನಲ್ಲಿ ದಿನಕ್ಕೆ ನೂರು ಪತ್ರ ಬರುವಾಗ ಒಂದು ಪ್ಯಾಚ್ ಮುಳುಗಿಹೋಗಲು ಯಾರ ಕೆಟ್ಟ ಮನಸ್ಸೂ ಬೇಕಿಲ್ಲ. ಅವತ್ತು ಎಲ್ಲರಿಗೂ ಬೇರೆ ಕೆಲಸ ಇದ್ದರಾಯಿತು.

ಹಾಗೆ ಮುಳುಗದಂತೆ ಹಲವು ವರ್ಷ ನೋಡಿಕೊಂಡವರು ಬ್ರೂಸ್ ಮೊಮ್ಜಿಯಾನ್, 1996ರಿಂದಲೂ ಜೊತೆಗಿದ್ದವರು. ಯಾರೂ ಕೈಗೆತ್ತಿಕೊಳ್ಳದ ಪ್ಯಾಚ್‌ಗಳ ಪತ್ರಗಳನ್ನು ಅವರು ಬೇರೆಯದೇ ಒಂದು ಅಂಚೆಪೆಟ್ಟಿಗೆಗೆ ಹಾಕಿಕೊಂಡು, ಅದನ್ನು ತಮ್ಮ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ಬಿಡುವಾದಾಗ ಒಂದೊಂದನ್ನೇ ತೆಗೆದು ಮತ್ತೆ ಚರ್ಚೆಗೆ ತರುತ್ತಿದ್ದರು. ಊರಿನ ಸಹಕಾರ ಸಂಘದ ಲೆಕ್ಕವನ್ನು ಒಬ್ಬರು ತಮ್ಮ ಕೈಬರಹದ ಪುಸ್ತಕದಲ್ಲಿ ಇಟ್ಟ ಹಾಗೆ ಅದು ನಡೆಯಿತು. ಸಂಘ ಚಿಕ್ಕದಿರುವಷ್ಟು ಕಾಲ ಅದರಲ್ಲಿ ತಪ್ಪೇನೂ ಇರಲಿಲ್ಲ.

ವಠಾರದ ಲೆಕ್ಕ

ಕೈಬರಹದ ಪುಸ್ತಕ ಸಾಲದು ಎಂದು ಎಲ್ಲರಿಗೂ ಗೊತ್ತಾದದ್ದು 8.3ನೇ ಆವೃತ್ತಿಯ ಹೊತ್ತಿಗೆ. 2007ರ ಏಪ್ರಿಲ್ 1ಕ್ಕೆ ಹೊಸ ಪ್ಯಾಚ್‌ಗಳ ಬಾಗಿಲು ಮುಚ್ಚಿ, ಬಂದದ್ದನ್ನು ಓದಿ ಮುಗಿಸಿ ಆವೃತ್ತಿ ಹೊರತರುವುದು ಎಂಬ ಏರ್ಪಾಟು. ಗಡುವು ಹತ್ತಿರ ಬಂದಾಗ ಪರೀಕ್ಷೆಯ ಕೊನೆಯ ದಿನದ ಹಾಗೆ ದೊಡ್ಡ ದೊಡ್ಡ ಪ್ಯಾಚ್‌ಗಳು ಒಟ್ಟಿಗೆ ಬಂದು ಬಿದ್ದವು. ಆವೃತ್ತಿ ಹೊರಬಿದ್ದದ್ದು 2008ರ ಫೆಬ್ರವರಿ 4ರಂದು, ಬಾಗಿಲು ಮುಚ್ಚಿದ ಹತ್ತು ತಿಂಗಳ ನಂತರ.

ಆ ಪ್ಯಾಚ್‌ಗಳಲ್ಲಿ ಒಂದರ ಹೆಸರು ಹಾಟ್. ಬರೆದವರು ಪವನ್ ದೇವಳಸಿ. ಅವರು ಆಗ ಇದ್ದದ್ದು ಎಂಟರ್‌ಪ್ರೈಸ್‌ಡಿಬಿ ಎಂಬ ಕಂಪನಿಯಲ್ಲಿ. ಪೋಸ್ಟ್‌ಗ್ರೆಸ್ ಕೆಲಸಕ್ಕೆ ಪುಣೆಯಲ್ಲಿ ದೊಡ್ಡ ಕಚೇರಿ ಇಟ್ಟ ಕಂಪನಿ ಅದು. ಪೋಸ್ಟ್‌ಗ್ರೆಸ್ ಒಂದು ಸಾಲನ್ನು ತಿದ್ದುವಾಗ ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲೊಂದು ಹೊಸ ಪ್ರತಿ ಬರೆಯುತ್ತದೆ. ಮೊದಲೆಲ್ಲ ಹಾಗೆ ಬರೆದಾಗ ಆ ಟೇಬಲ್ಲಿನ ಪ್ರತಿಯೊಂದು ಇಂಡೆಕ್ಸಿಗೂ ಹೊಸ ನಮೂದು ಸೇರಿಸಬೇಕಿತ್ತು. ತಿದ್ದಿದ್ದು ಒಂದೇ ಕಾಲಮ್ ಆದರೂ ಅಷ್ಟೆ.

ವಠಾರದಲ್ಲಿ ಒಬ್ಬರು ಮೂರನೇ ಮನೆಯಿಂದ ಐದನೇ ಮನೆಗೆ ಹೋದರೆಂದು ಊರಿನವರೆಲ್ಲ ತಮ್ಮ ವಿಳಾಸ ಪುಸ್ತಕ ತಿದ್ದುವುದಿಲ್ಲ. ಅಂಚೆಯವರು ಅದೇ ಗೇಟಿಗೆ ಬಂದು ವಿಚಾರಿಸಿಕೊಳ್ಳುತ್ತಾರೆ. ಹಾಟ್ ಮಾಡುವುದು ಅದನ್ನೇ. ಇಂಡೆಕ್ಸಿನಲ್ಲಿರುವ ಕಾಲಮ್ಮುಗಳು ಬದಲಾಗಿಲ್ಲದಿದ್ದರೆ, ಅದೇ ಪುಟದಲ್ಲಿ ಜಾಗವೂ ಇದ್ದರೆ, ಹೊಸ ಪ್ರತಿಯನ್ನು ಅಲ್ಲೇ ಇಟ್ಟು ಹಳೆಯದರಿಂದ ಅದಕ್ಕೊಂದು ಕೊಂಡಿ ಹಾಕುತ್ತದೆ. ಇಂಡೆಕ್ಸನ್ನು ಮುಟ್ಟುವುದೇ ಇಲ್ಲ. ಮತ್ತೆ ಮತ್ತೆ ತಿದ್ದುಪಡಿಯಾಗುವ ಟೇಬಲ್ಲುಗಳಿಗೆ ಇದು ದೊಡ್ಡ ಉಪಕಾರ. ಇವತ್ತಿಗೂ ಪೋಸ್ಟ್‌ಗ್ರೆಸ್ ಬಳಸುವ ಪ್ರತಿಯೊಂದು ಕಡೆ ಅದು ಸದ್ದಿಲ್ಲದೆ ಕೆಲಸ ಮಾಡುತ್ತಿದೆ.

ಕಲ್ಪನೆ ಸರಳ, ಕೋಡ್ ಸರಳವಲ್ಲ. ಡೇಟಾಬೇಸಿನ ಹೊಟ್ಟೆಯೊಳಗೆ, ತಪ್ಪಿದರೆ ಜನರ ದತ್ತಾಂಶವೇ ಕೆಡುವ ಜಾಗದಲ್ಲಿ ಕೈಹಾಕುವ ಪ್ಯಾಚ್ ಅದು. ಅದನ್ನು ಪೂರ್ತಿ ಓದಿ ಹೂಂ ಎನ್ನಬಲ್ಲವರು ಬೆರಳೆಣಿಕೆಯ ಮಂದಿ. ಅವರಲ್ಲಿ ಮುಖ್ಯರಾದ ಟಾಮ್ ಲೇನ್ ಅದನ್ನು ಸೇರಿಸಿದ್ದು 2007ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತೂ ಉಳಿದವರ ಚಿಕ್ಕ ಪ್ಯಾಚ್‌ಗಳು ಸಾಲಿನಲ್ಲಿ ಕಾದವು. ದಾರಿ ಕಿರಿದಾಗಿದ್ದದ್ದು ಬರೆಯುವ ಕಡೆಯಲ್ಲಲ್ಲ, ಓದುವ ಕಡೆಯಲ್ಲಿ.

ತಿಂಗಳ ಸಂತೆ

ಇದರಿಂದ ಹುಟ್ಟಿದ್ದು ಕಮಿಟ್‌ಫೆಸ್ಟ್. ವರ್ಷದ ಕೊನೆಗೆ ಒಂದೇ ಸಲ ರಾಶಿ ಓದುವುದರ ಬದಲು ಎರಡು ತಿಂಗಳಿಗೊಮ್ಮೆ ಎಲ್ಲರೂ ತಮ್ಮ ಹೊಸ ಕೋಡ್ ಬರೆಯುವುದನ್ನು ನಿಲ್ಲಿಸಿ, ಬಂದಿರುವ ಪ್ಯಾಚ್‌ಗಳನ್ನು ಓದಬೇಕು. ಮೊದಲನೆಯದು 2008ರ ಮಾರ್ಚಿನಲ್ಲಿ ನಡೆಯಿತು. ಜೊತೆಗೊಂದು ನ್ಯಾಯವೂ ಬೆಳೆದು ಬಂತು. ಒಂದು ಪ್ಯಾಚ್ ಕೊಟ್ಟವರು ಅಷ್ಟೇ ತೂಕದ ಇನ್ನೊಬ್ಬರ ಪ್ಯಾಚನ್ನು ಓದಿಕೊಡಬೇಕು. ಸುಗ್ಗಿಯಲ್ಲಿ ನಮ್ಮ ಹೊಲಕ್ಕೆ ನೀವು, ನಿಮ್ಮ ಹೊಲಕ್ಕೆ ನಾವು ಎನ್ನುವ ಮುಯ್ಯಾಳಿನ ಪದ್ಧತಿ ಹಳ್ಳಿಗಳಲ್ಲಿ ಇದ್ದ ಹಾಗೆಯೇ ಇದು. ಕಮಿಟರ್ ಅಲ್ಲದವರು ಓದಿದರೂ ಉಪಯೋಗ ಇತ್ತು. ಪ್ಯಾಚ್ ಕೂಡುತ್ತದೆಯೇ, ಹೇಳಿದ ಕೆಲಸ ಮಾಡುತ್ತದೆಯೇ, ಅದರ ಬಗ್ಗೆ ಕೈಪಿಡಿಯಲ್ಲಿ ಬರೆದಿದ್ದಾರೆಯೇ ಎಂಬಷ್ಟನ್ನು ಅವರು ನೋಡಿದರೆ ಕಮಿಟರ್‌ನ ಹೊರೆ ಇಳಿಯುತ್ತಿತ್ತು.

ಇಂಥ ಸಂತೆಗೆ ಒಬ್ಬರ ಅಂಚೆಪೆಟ್ಟಿಗೆ ಸಾಲದು. ಯಾವ ಪ್ಯಾಚನ್ನು ಯಾರು ಎತ್ತಿಕೊಂಡಿದ್ದಾರೆ ಎಂಬುದು ಎಲ್ಲರಿಗೂ ಕಾಣಬೇಕು, ಎಲ್ಲರೂ ತಿದ್ದುವಂತಿರಬೇಕು. ಕೈಗೆ ಸುಲಭವಾಗಿ ಸಿಕ್ಕಿದ್ದು ವಿಕಿ. ಒಂದು ಪುಟ, ಅದರಲ್ಲಿ ಪ್ಯಾಚ್‌ಗಳ ಪಟ್ಟಿ, ಪ್ರತಿಯೊಂದರ ಕೆಳಗೂ ಸಂಬಂಧಪಟ್ಟ ಪತ್ರಗಳ ಕೊಂಡಿ. ಮೊದಲ ಕೆಲವು ಸಂತೆಗಳು ಅದರಲ್ಲೇ ನಡೆದವು.

2008ರ ನವೆಂಬರಿನ ಸಂತೆ ಮಾತ್ರ ಮುಗಿಯಲೇ ಇಲ್ಲ ಎನ್ನುವಷ್ಟು ಎಳೆಯಿತು. 8.4ನೇ ಆವೃತ್ತಿಗೆ ಮುಂಚಿನ ಕೊನೆಯ ಸಂತೆ ಅದು, ಹಾಗಾಗಿ ಮತ್ತೆ ದೊಡ್ಡ ಪ್ಯಾಚ್‌ಗಳೇ ಬಂದವು. ಮುಖ್ಯ ಡೇಟಾಬೇಸ್ ನಡೆಯುತ್ತಿರುವಾಗಲೇ ಅದರ ಪ್ರತಿಯಿಂದ ಮಾಹಿತಿ ಓದಲು ಬಿಡುವ ಹಾಟ್ ಸ್ಟ್ಯಾಂಡ್‌ಬೈ ಅವುಗಳಲ್ಲಿ ಒಂದು. ತಿಂಗಳುಗಟ್ಟಲೆ ಚರ್ಚೆಯಾಗಿ ಕೊನೆಗೆ ಅದನ್ನು ಮುಂದಕ್ಕೆ ಹಾಕಿದರು. ಅದು ಬಳಕೆದಾರರ ಕೈಗೆ ಬಂದದ್ದು 2010ರ ಸೆಪ್ಟೆಂಬರಿನ 9.0 ಆವೃತ್ತಿಯಲ್ಲಿ. ಸಂತೆ ಮುಗಿಸುವ ದಿನ ಯಾವುದು, ಮುಗಿಸುವವರು ಯಾರು ಎಂಬ ಪ್ರಶ್ನೆಗೆ ವಿಕಿ ಪುಟದಲ್ಲಿ ಉತ್ತರ ಇರಲಿಲ್ಲ. ಎಷ್ಟು ಪ್ಯಾಚ್ ಉಳಿದಿವೆ ಎಂದು ಎಣಿಸಬೇಕಾದರೂ ಕಣ್ಣಿನಲ್ಲೇ ಎಣಿಸಬೇಕಿತ್ತು. ಇಬ್ಬರು ಒಟ್ಟಿಗೆ ಪುಟ ತಿದ್ದಿದರೆ ಒಬ್ಬರು ಮತ್ತೆ ಮೊದಲಿನಿಂದ ಮಾಡಬೇಕಿತ್ತು.

ಪರ್ಲ್‌ನ ತಾಣ

2009ರ ಮಧ್ಯದಲ್ಲಿ ರಾಬರ್ಟ್ ಹಾಸ್ ಇನ್ನೂ ಕಮಿಟರ್ ಆಗಿರಲಿಲ್ಲ. ಪ್ಯಾಚ್ ಕಳಿಸುತ್ತಿದ್ದ, ಇತರರದ್ದನ್ನು ಓದುತ್ತಿದ್ದ ಒಬ್ಬರು ಅಷ್ಟೆ. ವಿಕಿಯ ಜಾಗಕ್ಕೆ ಅವರು ಒಂದು ತಾಣ ಬರೆದರು, ಪರ್ಲ್ ಭಾಷೆಯಲ್ಲಿ. ಪ್ಯಾಚ್ ಪ್ರೋಗ್ರಾಂ ಬರೆದ ಲ್ಯಾರಿ ವಾಲ್ ಅವರೇ ಎರಡು ವರ್ಷದ ನಂತರ, 1987ರಲ್ಲಿ, ಹೊರತಂದ ಭಾಷೆ ಅದು. ಆ ವರ್ಷದ ಜುಲೈ ಸಂತೆ ಹೊಸ ತಾಣದಲ್ಲಿ ನಡೆಯಿತು, ಮೇಲ್ವಿಚಾರಣೆ ಮಾಡಿದವರೂ ಹಾಸ್.

ತಾಣದ ಜೀವಾಳ ಇದ್ದದ್ದು ಸ್ಥಿತಿ ಎಂಬ ಒಂದು ಕಾಲಮ್ಮಿನಲ್ಲಿ. ರಿವ್ಯೂ ಬೇಕು, ಲೇಖಕರಿಗಾಗಿ ಕಾಯುತ್ತಿದೆ, ಕಮಿಟರ್‌ಗೆ ಸಿದ್ಧ, ಸೇರಿಸಲಾಗಿದೆ, ತಿರಸ್ಕರಿಸಲಾಗಿದೆ, ಸಲಹೆಯೊಂದಿಗೆ ಹಿಂದಿರುಗಿಸಲಾಗಿದೆ. ಈ ಮಾತುಗಳು ಹೇಳುವುದು ಕೋಡಿನ ಬಗ್ಗೆ ಎನ್ನಿಸಿದರೂ ಮೊದಲ ಮೂರು ನಿಜವಾಗಿ ಹೇಳುವುದು ಈಗ ಸರದಿ ಯಾರದ್ದು ಎಂಬುದನ್ನು. ಓದುಗರದ್ದೋ, ಬರೆದವರದ್ದೋ, ಕಮಿಟರ್‌ದೋ. ಸರದಿ ಯಾರದ್ದೆಂದು ಗೊತ್ತಾದರೆ ಮೌನಕ್ಕೊಂದು ವಿಳಾಸ ಸಿಕ್ಕುತ್ತದೆ. ಮೇಲ್ವಿಚಾರಕರು ಅವರಿಗೆ ಪತ್ರ ಬರೆದು ಕೇಳಬಹುದು. ಸಲಹೆಯೊಂದಿಗೆ ಹಿಂದಿರುಗಿಸುವ ಕೊನೆಯ ಸ್ಥಿತಿಯೂ ಯೋಚಿಸಿ ಇಟ್ಟದ್ದೇ. ತಿರಸ್ಕಾರ ಅಲ್ಲ, ಈ ಸಂತೆಗೆ ಆಗಲಿಲ್ಲ, ತಿದ್ದಿಕೊಂಡು ಮುಂದಿನದಕ್ಕೆ ಬನ್ನಿ ಎಂದು ಹೇಳಿ ಬಾಗಿಲು ಹಾಕುವ ಮರ್ಯಾದೆಯ ದಾರಿ ಅದು.

ಇದೇ ಕಾಲದಲ್ಲಿ ಲಿನಕ್ಸ್ ಕಡೆಯವರು ಬೇರೆ ದಾರಿ ಹಿಡಿದಿದ್ದರು. ಜೆರೆಮಿ ಕೆರ್ ಬರೆದ ಪ್ಯಾಚ್‌ವರ್ಕ್ ಎಂಬ ತಾಣ ಮೇಲಿಂಗ್ ಲಿಸ್ಟನ್ನು ತಾನೇ ಓದಿ, ಅದರಲ್ಲಿ ಬಂದ ಪ್ರತಿಯೊಂದು ಪ್ಯಾಚನ್ನೂ ತಾನೇ ಪಟ್ಟಿಗೆ ಹಾಕಿಕೊಳ್ಳುತ್ತದೆ. ಅಲ್ಲಿ ಏನೂ ತಪ್ಪಿಹೋಗುವುದಿಲ್ಲ. ಪೋಸ್ಟ್‌ಗ್ರೆಸ್ ತಾಣದಲ್ಲಿ ಬರೆದವರೇ ಬಂದು ಹೆಸರು ಹಚ್ಚಬೇಕು. ಹೆಸರು ಹಚ್ಚುವುದೆಂದರೆ ಇದು ಓದಲು ಸಿದ್ಧವಾಗಿದೆ, ನೀವು ಹೇಳಿದ್ದನ್ನು ತಿದ್ದಲು ನಾನೂ ಸಿದ್ಧ ಎಂದು ಮಾತು ಕೊಟ್ಟ ಹಾಗೆ. ಆ ಸಣ್ಣ ಶ್ರಮ ಒಂದು ಜರಡಿಯಾಗಿತ್ತು. ಅದರ ಬೆಲೆ ತಿಳಿದದ್ದು ಅದು ಸವೆದ ಮೇಲೆ.

ಶ್ರಮ ಅಷ್ಟು ಸಣ್ಣದೂ ಆಗಿರಲಿಲ್ಲ. ಲಿಸ್ಟಿಗೆ ಪ್ಯಾಚಿನ ಹೊಸ ಪ್ರತಿ ಕಳಿಸಿದಾಗಲೆಲ್ಲ ಆ ಪತ್ರದ ಗುರುತಿನ ಸಂಖ್ಯೆಯನ್ನು ಹುಡುಕಿ ತಂದು ತಾಣದಲ್ಲಿ ಅಂಟಿಸಬೇಕಿತ್ತು. ಯಾರಾದರೂ ರಿವ್ಯೂ ಬರೆದರೆ ಅದಕ್ಕೂ ಹಾಗೆಯೇ. ಜನ ಮರೆತರು. ಲಿಸ್ಟಿನಲ್ಲಿ ಐದನೇ ಪ್ರತಿ ಬಂದಿದ್ದರೆ ತಾಣ ಇನ್ನೂ ಮೂರನೆಯದನ್ನು ತೋರಿಸುತ್ತಿತ್ತು. ಒಂದೇ ಕೆಲಸಕ್ಕೆ ಎರಡು ಲೆಕ್ಕಪುಸ್ತಕ ಇಟ್ಟಾಗ ಆಗುವುದೇ ಆಯಿತು, ಎರಡೂ ತಾಳೆಯಾಗಲಿಲ್ಲ.

2015ರ ಮರುಕಟ್ಟು

ಮರುಕಟ್ಟಿದವರು ಸ್ವೀಡನ್ನಿನ ಮ್ಯಾಗ್ನಸ್ ಹಗಾಂಡರ್. ಪೋಸ್ಟ್‌ಗ್ರೆಸ್ ಸರ್ವರುಗಳು, ತಾಣಗಳು ನಿಲ್ಲದಂತೆ ನೋಡಿಕೊಳ್ಳುವ ಕೆಲಸದಲ್ಲಿ ಹಲವು ವರ್ಷ ಕಳೆದವರು. 2010ರ ಸೆಪ್ಟೆಂಬರಿನಲ್ಲಿ ಇಡೀ ಕೋಡನ್ನು ಹಳೆಯ ಸಿವಿಎಸ್‌ನಿಂದ ಗಿಟ್‌ಗೆ ಸಾಗಿಸಿದ್ದರಲ್ಲೂ ಅವರ ಪಾಲು ದೊಡ್ಡದು. ಆ ಹೊತ್ತಿಗೆ ಯೋಜನೆಯ ಮುಖ್ಯ ತಾಣ ಪೈಥಾನಿನ ಜಾಂಗೋ ಮೇಲೆ ನಡೆಯುತ್ತಿತ್ತು. ಪರ್ಲ್‌ನಲ್ಲಿ ಉಳಿದ ಒಂಟಿ ತಾಣವನ್ನೂ ಅದಕ್ಕೆ ತಂದರೆ ನೋಡಿಕೊಳ್ಳುವವರಿಗೆ ಸುಲಭ. ಹೊಸ ತಾಣ 2015ರ ಜನವರಿಯಲ್ಲಿ ಬಂತು.

ಭಾಷೆ ಬದಲಾದದ್ದು ಓದುಗರಿಗೆ ಕಾಣುವ ವಿಷಯವಲ್ಲ. ಕಂಡದ್ದು ಇನ್ನೊಂದು. ಎರಡು ಲೆಕ್ಕಪುಸ್ತಕಗಳನ್ನು ಹಗಾಂಡರ್ ಒಂದು ಮಾಡಿದ್ದರು. ಪ್ಯಾಚ್ ಹೆಸರು ಹಚ್ಚುವಾಗ ಅದರ ಚರ್ಚೆ ನಡೆಯುತ್ತಿರುವ ಪತ್ರಗಳ ಸರಣಿಯನ್ನು ಒಮ್ಮೆ ತೋರಿಸಿದರೆ ಮುಗಿಯಿತು. ಆ ಸರಣಿಗೆ ಯಾವಾಗ ಯಾರು ಬರೆದರು, ಕೊನೆಯ ಪ್ಯಾಚ್ ಯಾವುದು ಎಂಬುದನ್ನು ತಾಣ ಪತ್ರಗಳ ಭಂಡಾರದಿಂದ ತಾನೇ ತಿಳಿದುಕೊಳ್ಳುತ್ತಿತ್ತು. ತಾಣದಲ್ಲಿ ರಿವ್ಯೂ ಬರೆದರೆ ಅದು ಪತ್ರವಾಗಿ ಲಿಸ್ಟಿಗೆ ಹೋಗುತ್ತಿತ್ತು. ಚರ್ಚೆ ನಡೆಯುವ ಜಾಗ ಒಂದೇ, ತಾಣ ಅದಕ್ಕೊಂದು ಕಿಟಕಿ.

ಸಂತೆ ಮುಗಿದಾಗ ಉಳಿದ ಪ್ಯಾಚನ್ನು ಅದರ ಹಿಂದಿನ ಕಥೆಯ ಸಮೇತ ಮುಂದಿನ ಸಂತೆಗೆ ಕಳಿಸುವುದೂ ಸುಲಭವಾಯಿತು. ಒಂದು ಗುಂಡಿ ಒತ್ತಿದರಾಯಿತು. ಕಷ್ಟಪಟ್ಟು ಬರೆದವರ ಕೆಲಸ ಬಿದ್ದುಹೋಗಬಾರದು ಎಂಬ ಒಳ್ಳೆಯ ಮನಸ್ಸಿನ ಗುಂಡಿ ಅದು. ಆದರೆ ಸಲಹೆಯೊಂದಿಗೆ ಹಿಂದಿರುಗಿಸುವುದಕ್ಕೆ ಕೂತು ಸಲಹೆ ಬರೆಯಬೇಕು. ಬೇಡ ಎನ್ನಲು ಧೈರ್ಯ ಬೇಕು, ಬೇಡ ಎನ್ನಿಸಿಕೊಂಡವರ ಬೇಸರ ಎದುರಿಸಬೇಕು. ಮುಂದಕ್ಕೆ ದೂಡಲು ಏನೂ ಬೇಡ. ತಿಂಗಳ ಕೊನೆಯಲ್ಲಿ ದಣಿದ ಮೇಲ್ವಿಚಾರಕರು ಯಾವುದನ್ನು ಮಾಡಿಯಾರು?

ಇಲ್ಲಿ ಮೇಲ್ವಿಚಾರಕರ ಬಗ್ಗೆ ಒಂದು ಮಾತು. ಪ್ರತಿ ಸಂತೆಗೂ ಒಬ್ಬರು ತಾವಾಗಿ ಮುಂದೆ ಬಂದು ಈ ಹೊಣೆ ಹೊರುತ್ತಾರೆ. ಸಂಬಳ ಇಲ್ಲ, ಅಧಿಕಾರವೂ ಇಲ್ಲ. ನೂರಾರು ಚರ್ಚೆಗಳನ್ನು ಓದಿ, ಸ್ಥಿತಿ ಸರಿಮಾಡಿ, ಮರೆತವರಿಗೆ ನಯವಾಗಿ ನೆನಪಿಸುವ ಕೆಲಸ. ಭಾರತದ ಎಂಜಿನಿಯರುಗಳೂ ಈ ಹೊಣೆ ಹೊತ್ತಿದ್ದಾರೆ. ಹೊಸ ಆವೃತ್ತಿ ಬಂದಾಗ ಜನ ಕೊಂಡಾಡುವುದು ಹೊಸ ಸೌಲಭ್ಯಗಳನ್ನು. ಅದರ ಹಿಂದೆ ಯಾರೋ ಒಂದು ತಿಂಗಳು ಕೂತು ಪಟ್ಟಿ ಸರಿಮಾಡಿದ್ದು ಯಾವ ಪ್ರಕಟಣೆಯಲ್ಲೂ ಬರುವುದಿಲ್ಲ.

ಯಂತ್ರ ಓದಿದ್ದು, ಮನುಷ್ಯ ಓದಿದ್ದು

2017ರಲ್ಲಿ ನ್ಯೂಜಿಲೆಂಡಿನ ಥಾಮಸ್ ಮನ್ರೋ ಇನ್ನೊಂದು ಸೌಕರ್ಯ ಸೇರಿಸಿದರು. ಸಿಎಫ್‌ಬಾಟ್ ಎಂಬ ಅವರ ಪ್ರೋಗ್ರಾಂ ಪಟ್ಟಿಯಲ್ಲಿರುವ ಪ್ರತಿಯೊಂದು ಪ್ಯಾಚಿನ ಕೊನೆಯ ಪ್ರತಿಯನ್ನು ತಾನೇ ಎತ್ತಿಕೊಂಡು ಇವತ್ತಿನ ಕೋಡಿಗೆ ಕೂಡಿಸಿ ನೋಡುತ್ತದೆ. ಕೂಡಿದರೆ ಪರೀಕ್ಷೆಗಳನ್ನು ಓಡಿಸುತ್ತದೆ. ಮೊದಮೊದಲು ಸರಳವಾಗಿದ್ದ ಈ ಪರೀಕ್ಷೆ ಬೆಳೆದು ಲಿನಕ್ಸ್, ವಿಂಡೋಸ್, ಮ್ಯಾಕ್, ಫ್ರೀಬಿಎಸ್‌ಡಿ ಎಲ್ಲದರ ಮೇಲೂ ನಡೆಯುವಂತಾಯಿತು. ಹಳಸಿದ ಪ್ಯಾಚ್ ಯಾವುದೆಂದು ತಿಳಿಯಲು ಇನ್ನು ಮನುಷ್ಯರ ಸಮಯ ಹಾಳಾಗಬೇಕಿಲ್ಲ. ತನ್ನ ಮನೆಯಲ್ಲಿ ವಿಂಡೋಸ್ ಯಂತ್ರ ಇಲ್ಲದವರಿಗೂ ವಿಂಡೋಸಿನಲ್ಲಿ ತಮ್ಮ ಪ್ಯಾಚ್ ಮುರಿಯುವುದು ಗೊತ್ತಾಗುತ್ತದೆ.

ಇದರಿಂದ ಆದ ಉಪಕಾರವನ್ನು ಅಲ್ಲಗಳೆಯುವವರಿಲ್ಲ. ಆದರೆ ಈ ಪರೀಕ್ಷೆ ಬೇಕೆಂದರೆ ಪ್ಯಾಚ್ ಪಟ್ಟಿಯಲ್ಲಿರಬೇಕು. ಹಾಗಾಗಿ ಇನ್ನೂ ಓದಲು ಸಿದ್ಧವಲ್ಲದ, ಬರೆದವರೇ ಇನ್ನೂ ತಿದ್ದುತ್ತಿರುವ, ಬರೀ ಪರೀಕ್ಷೆಗೆಂದು ಹಾಕಿದ ಪ್ಯಾಚ್‌ಗಳೂ ಬಂದು ಸೇರಿದವು. ಕಮಿಟರುಗಳು ತಾವೇ ಮುಂದೆ ಸೇರಿಸಲಿರುವವೂ ಬಂದವು. ವರ್ಷಗಳಿಂದ ಒಂದು ಸಂತೆಯಿಂದ ಇನ್ನೊಂದಕ್ಕೆ ದೂಡಿಸಿಕೊಂಡು ಬಂದವು ಇದ್ದೇ ಇದ್ದವು. ಪಟ್ಟಿ ನೂರಾರಕ್ಕೆ ಏರಿತು. ಎಲ್ಲದರ ಮುಂದೂ ಒಂದೇ ಮಾತು: ರಿವ್ಯೂ ಬೇಕು. ಒಂದು ಸಂಜೆ ಬಿಡುವು ಮಾಡಿಕೊಂಡು ಯಾರಿಗಾದರೂ ನೆರವಾಗೋಣ ಎಂದು ಬಂದವರು ನಿಜವಾಗಿ ಓದುಗರಿಗಾಗಿ ಕಾಯುತ್ತಿರುವ ಪ್ಯಾಚ್ ಯಾವುದೆಂದು ಹುಡುಕುವುದರಲ್ಲೇ ಸಂಜೆ ಕಳೆಯಬೇಕಾಯಿತು. 2024ರ ಮೇ ತಿಂಗಳ ಇಮೇಲಿನಲ್ಲಿ ಹಾಸ್ ಎತ್ತಿದ ದೂರಿನ ತಿರುಳು ಇದೇ. ಓದುಗರು ಬೇಕು ಎಂದು ಕೂಗಿ ಹೇಳುವ ಜಾಗ ಎಲ್ಲವನ್ನೂ ತಂದು ಇಡುವ ಉಗ್ರಾಣವಾಗಿತ್ತು.

ಮನುಷ್ಯರು ಓದುವುದು ಅಷ್ಟು ಮುಖ್ಯವೇ, ಪರೀಕ್ಷೆಗಳು ಇವೆಯಲ್ಲ ಎನ್ನುವವರಿಗೆ ಅದಕ್ಕೆ ಏಳು ವಾರ ಮುಂಚಿನ ಒಂದು ಘಟನೆ ಉತ್ತರ ಕೊಡುತ್ತದೆ. 2024ರ ಮಾರ್ಚ್ 29ರಂದು ಪೋಸ್ಟ್‌ಗ್ರೆಸ್ ಕಮಿಟರ್ ಆಂಡ್ರೆಸ್ ಫ್ರಾಯಂಡ್ ಒಂದು ಎಚ್ಚರಿಕೆ ಹೊರಡಿಸಿದರು. ಪೋಸ್ಟ್‌ಗ್ರೆಸ್ಸಿನ ವೇಗ ಅಳೆಯಲು ಕೂತಿದ್ದಾಗ ತಮ್ಮ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಅವರು ಗಮನಿಸಿದ್ದರು. ಬೆನ್ನುಹತ್ತಿ ಹೋದಾಗ ಎಕ್ಸ್‌ಝೆಡ್ ಎಂಬ, ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಪುಟ್ಟ ಪ್ರೋಗ್ರಾಮಿನೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಬಯಲಾಯಿತು. ಇಟ್ಟವರು ಜಿಯಾ ಟಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ ಕಳಿಸಿ ನಂಬಿಕೆ ಗಳಿಸಿದ್ದರು. ಆ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬರೇ, ಅದೂ ದಣಿದಿದ್ದ ಒಬ್ಬರು. ಪ್ಯಾಚ್‌ಗಳು ಇಷ್ಟು ದಿನ ಕಾಯಬೇಕೇ, ನಿಮ್ಮಿಂದ ಆಗದಿದ್ದರೆ ಬೇರೆಯವರಿಗೆ ಅಧಿಕಾರ ಕೊಡಿ ಎಂದು ಬೇರೆ ಹೆಸರುಗಳಿಂದ ಅವರ ಮೇಲೆ ಒತ್ತಡವೂ ಬಂದಿತ್ತು. ಪ್ಯಾಚ್ ಕಾಯುವುದೂ ಅಪಾಯ, ಓದುವವರು ಸಾಲದೆ ಬೇಗ ಒಳಗೆ ಬಿಡುವುದು ಅದಕ್ಕಿಂತ ಅಪಾಯ. ಬಾಗಿಲು ಕಂಡುಹಿಡಿದದ್ದು ಅರ್ಧ ಸೆಕೆಂಡನ್ನು ಸುಮ್ಮನೆ ಬಿಡದ ಒಬ್ಬ ಮನುಷ್ಯ.

ಮತ್ತೆ ದುರಸ್ತಿ

ಹಾಸ್ ಅವರ ಪತ್ರದ ಮೇಲೆ ಉದ್ದದ ಚರ್ಚೆ ನಡೆಯಿತು. ಈ ಸಲ ತಾಣವನ್ನು ಕಿತ್ತುಹಾಕಿ ಹೊಸದು ಕಟ್ಟಲಿಲ್ಲ. ನೆದರ್ಲೆಂಡ್ಸ್‌ನ ಯೆಲ್ಟೆ ಫೆನ್ನೆಮಾ-ನಿಯೊ ಮುಂದೆ ನಿಂತು ಹಗಾಂಡರ್ ಅವರ ತಾಣವನ್ನೇ ತುಂಡುತುಂಡಾಗಿ ತಿದ್ದತೊಡಗಿದರು, 2025ರ ಆರಂಭದಿಂದ ಬದಲಾವಣೆಗಳು ಕಾಣಿಸಿಕೊಂಡವು. ಯಂತ್ರದ ಪರೀಕ್ಷೆಯ ಫಲಿತಾಂಶ ಪಟ್ಟಿಯಲ್ಲೇ ಕಾಣುವಂತಾಯಿತು. ತನ್ನ ಸರದಿಗೆ ಬಂದಿರುವ ಪ್ಯಾಚ್ ಯಾವುವು ಎಂದು ಪ್ರತಿಯೊಬ್ಬರಿಗೂ ತೋರಿಸುವ ಪುಟ ಬಂತು. ಇನ್ನೂ ಓದಲು ಸಿದ್ಧವಲ್ಲದ, ಪರೀಕ್ಷೆ ಮಾತ್ರ ಬೇಕಾದ ಕರಡುಗಳಿಗೆ ಬೇರೆಯದೇ ಜಾಗ ಮಾಡಿದರು.

ಈ ಕೊನೆಯದು ಸಣ್ಣ ಬದಲಾವಣೆ ಎನ್ನಿಸಬಹುದು. ಆದರೆ ಹದಿನೈದು ವರ್ಷದ ದಾರಿಯಲ್ಲಿ ಇದು ಬೇರೆ ದಿಕ್ಕಿನ ಹೆಜ್ಜೆ. ಅಂಚೆಪೆಟ್ಟಿಗೆಯಿಂದ ವಿಕಿಗೆ, ವಿಕಿಯಿಂದ ಪರ್ಲ್‌ಗೆ, ಅಲ್ಲಿಂದ ಜಾಂಗೋಗೆ ಹೋದಾಗಲೆಲ್ಲ ಸುಲಭವಾದದ್ದು ಪಟ್ಟಿಗೆ ಸೇರುವುದು, ಪಟ್ಟಿಯಲ್ಲಿ ಉಳಿಯುವುದು. ಹೆಸರು ಹಚ್ಚುವುದು ಸುಲಭವಾದಷ್ಟೂ ಹಚ್ಚಿದ ಹೆಸರಿಗೆ ಅರ್ಥ ತೆಳುವಾಯಿತು. ಕರಡಿಗೊಂದು ಜಾಗ ಮಾಡಿದ್ದರಿಂದ, ಸಂತೆಗೆ ತಂದ ಪ್ಯಾಚ್ ಎಂದರೆ ಓದಿ ಎಂದ ಹಾಗೆ ಎಂಬ ಹಳೆಯ ಅರ್ಥವನ್ನು ಮತ್ತೆ ತರುವ ಪ್ರಯತ್ನ ನಡೆದಿದೆ.

ಸರದಿ ಸಾಲನ್ನು ಎಷ್ಟು ಚೆನ್ನಾಗಿ ನಿಲ್ಲಿಸಿದರೂ ಕೌಂಟರಿನಲ್ಲಿ ಕೂರುವವರ ಸಂಖ್ಯೆ ಹೆಚ್ಚುವುದಿಲ್ಲ. ಒಳ್ಳೆಯ ಪಟ್ಟಿ ಮಾಡಬಲ್ಲದ್ದು ಇಷ್ಟೇ: ಇರುವ ಓದುಗರ ಗಮನ ದಾರಿತಪ್ಪದಂತೆ ನೋಡಿಕೊಳ್ಳುವುದು, ಕಾಯುತ್ತಿರುವವರಿಗೆ ಸರದಿ ಯಾರದ್ದೆಂದು ಹೇಳುವುದು. ಮೊಮ್ಜಿಯಾನ್ ಅವರ ಅಂಚೆಪೆಟ್ಟಿಗೆ ಅದನ್ನು ಮಾಡುತ್ತಿತ್ತು, ಚಿಕ್ಕ ಪ್ರಮಾಣದಲ್ಲಿ. ಅಲ್ಲಿ ಒಬ್ಬ ಮನುಷ್ಯ ಪ್ರತಿಯೊಂದು ಪತ್ರವನ್ನೂ ಒಮ್ಮೆಯಾದರೂ ಕೈಗೆತ್ತಿಕೊಂಡು ನೋಡುತ್ತಿದ್ದರು. ಆಮೇಲೆ ಬಂದ ತಾಣಗಳೆಲ್ಲ ಆ ನೋಟವನ್ನು ನೂರಾರು ಜನರಿಗೆ ಹಂಚುವ ಪ್ರಯತ್ನಗಳು.

ಪೋಸ್ಟ್‌ಗ್ರೆಸ್‌ನಲ್ಲಿ ಈಗ ವರ್ಷಕ್ಕೆ ಐದು ಸಂತೆ: ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್. ಪ್ರತಿಸಲವೂ ಬಾಗಿಲು ತೆರೆದಾಗ ಹಳೆಯ ನಿಯಮವನ್ನು ನೆನಪಿಸುತ್ತಾರೆ. ನಿಮ್ಮದೊಂದು ಪ್ಯಾಚ್ ಇದ್ದರೆ ಇನ್ನೊಬ್ಬರದ್ದೊಂದು ಓದಿ. ಅದನ್ನು ಬಲವಂತ ಮಾಡುವ ಗುಂಡಿ ಯಾವ ತಾಣದಲ್ಲೂ ಇಲ್ಲ. ಎಲ್ಲೋ ಬೆಂಗಳೂರಿನಲ್ಲೋ ಪುಣೆಯಲ್ಲೋ ಸ್ಟಾಕ್‌ಹೋಮಿನಲ್ಲೋ ಒಬ್ಬರು ಊಟ ಮುಗಿಸಿ ಕೂತು, ತಮಗೆ ಗೊತ್ತಿಲ್ಲದವರು ಬರೆದ ಇನ್ನೂರು ಸಾಲುಗಳನ್ನು ಮೊದಲಿನಿಂದ ಓದಲು ಶುರುಮಾಡಿದಾಗ ಮಾತ್ರ ಆ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ.